ಎಲ್‌ಪಿಎ ರಿಸೆಪ್ಟರ್ ಪರೀಕ್ಷೆ ಕಟ್ಟಿದ ದಾಖಲೆ: ಸಿಗ್ನಲ್ ಬರುವುದು ಸುಲಭ, ಅದು ಯಾರದ್ದು ಅಂತ ತೋರಿಸುವುದೇ ಕೆಲಸ

ಎಲ್‌ಪಿಎ, ಅಂದರೆ ಲೈಸೋಫಾಸ್ಫಾಟಿಡಿಕ್ ಆಮ್ಲ. ಒಂದು ಕೊಬ್ಬಿನ ಬಾಲ, ಒಂದು ಗ್ಲಿಸರಾಲ್, ತುದಿಯಲ್ಲಿ ಒಂದು ಫಾಸ್ಫೇಟ್, ಅಷ್ಟೇ. ಇಷ್ಟು ಪುಟ್ಟ ಅಣು ಹೊರಗಿನಿಂದ ತಾಗಿದರೆ ಸಾಕು, ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ, ಕೋಶದ ಆಕಾರ ಬದಲಾಗುತ್ತದೆ, ವಿಭಜನೆಯ ಕಡೆಗೆ ಹೊರಡುತ್ತದೆ. ಇದಕ್ಕೆ ನಿಜಕ್ಕೂ ರಿಸೆಪ್ಟರ್, ಅಂದರೆ ಕೋಶದ ಪೊರೆಯಲ್ಲಿ ಕೂತು ಇದನ್ನು ಗುರುತಿಸುವ ಪ್ರೋಟೀನ್, ಇದೆಯಾ, ಇಲ್ಲ ಸೋಪಿನ ಗುಣದ ಈ ಲಿಪಿಡ್ ಪೊರೆಯನ್ನೇ ಕದಡಿ ಇಷ್ಟೆಲ್ಲ ಮಾಡುತ್ತದಾ ಎಂಬ ಅನುಮಾನ ಬಹಳ ಕಾಲ ಇತ್ತು. 1996ರಲ್ಲಿ ಜೆರಾಲ್ಡ್ ಚುನ್ ಅವರ ತಂಡ ಬೆಳೆಯುತ್ತಿರುವ ಮೆದುಳಿನಲ್ಲಿ ಸಿಕ್ಕ ಒಂದು ಜೀನ್ ಎಲ್‌ಪಿಎಯ ರಿಸೆಪ್ಟರ್ ಎಂದು ತೋರಿಸಿತು. ಈಗ ಅದನ್ನು ಎಲ್‌ಪಿಎ1 ಅನ್ನುತ್ತೇವೆ. ಒಟ್ಟು ಆರು ಎಲ್‌ಪಿಎ ರಿಸೆಪ್ಟರ್‌ಗಳು ಗೊತ್ತಾಗಿವೆ.

ನನಗೆ ಬೇಕಾಗಿದ್ದು ಒಂದು ಪರೀಕ್ಷಾ ವ್ಯವಸ್ಥೆ. ಲಿಗಂಡ್ (ರಿಸೆಪ್ಟರ್‌ಗೆ ಅಂಟಿ ಅದನ್ನು ಎಚ್ಚರಿಸುವ ಅಣು) ಗೊತ್ತಿಲ್ಲದ ಯಾವುದೇ ರಿಸೆಪ್ಟರ್ ಅನ್ನು ಅದಕ್ಕೆ ಹಾಕಿ "ನೀನು ಎಲ್‌ಪಿಎ ಗುರುತಿಸುತ್ತೀಯಾ" ಅಂತ ಕೇಳುವ ಹಾಗಿರಬೇಕು. ಹೌದು ಅಂದರೆ ನಂಬುವ ಹಾಗಿರಬೇಕು, ಇಲ್ಲ ಅಂದರೂ ನಂಬುವ ಹಾಗಿರಬೇಕು. ಅದಕ್ಕೆ ಮೊದಲು ಉತ್ತರ ಗೊತ್ತಿರುವ ಎಲ್‌ಪಿಎ1 ಮೇಲೆ ಎಲ್ಲವನ್ನೂ ಗಟ್ಟಿ ಮಾಡಿಕೊಳ್ಳುವುದು ಅಂತ ಹೊರಟೆ. ಮಾಡಿದ ಕ್ರಮದಲ್ಲೇ ಬರೆಯುತ್ತೇನೆ. ಕೈಕೊಟ್ಟ ಕಡೆ ಜಾಸ್ತಿ ಬರೆದಿದ್ದೇನೆ, ಯಾಕೆಂದರೆ ಪ್ರೋಟೋಕಾಲ್ ಹಾಳೆಗಳಲ್ಲಿ ಆ ಭಾಗವೇ ಇರುವುದಿಲ್ಲ.

ಹಂತ 1: ಕೋಶ ಆರಿಸುವುದು

ಎಲ್ಲರ ಹಾಗೆ ನಾನೂ ಮೊದಲು ಮನುಷ್ಯರ ಭ್ರೂಣದ ಮೂತ್ರಪಿಂಡದಿಂದ ಬಂದ ಹೆಕ್293 ಕೋಶಗಳನ್ನೇ ತೆಗೆದುಕೊಂಡೆ. ಬೇಗ ಬೆಳೆಯುತ್ತವೆ, ಡಿಎನ್‌ಎ ಹಾಕಿದರೆ ಸಲೀಸಾಗಿ ಒಳಗೆ ಸೇರಿಸಿಕೊಳ್ಳುತ್ತವೆ. ಎಲ್‌ಪಿಎ1 ಹಾಕಿದ ಕೋಶಗಳಿಗೆ ಎಲ್‌ಪಿಎ ಕೊಟ್ಟೆ, ಕ್ಯಾಲ್ಸಿಯಂ ಚೆನ್ನಾಗಿ ಏರಿತು. ಖಾಲಿ ಪ್ಲಾಸ್ಮಿಡ್ (ಜೀನ್ ಸಾಗಿಸುವ ಡಿಎನ್‌ಎ ಉಂಗುರ, ಇಲ್ಲಿ ರಿಸೆಪ್ಟರ್‌ನ ಜೀನ್ ಇಲ್ಲದ್ದು) ಹಾಕಿದ ಕೋಶಗಳಿಗೆ ಕೊಟ್ಟೆ, ಅಲ್ಲೂ ಏರಿತು. ಹೆಕ್293ರಲ್ಲಿ ಹುಟ್ಟಿನಿಂದಲೇ ಎಲ್‌ಪಿಎ ರಿಸೆಪ್ಟರ್‌ಗಳಿವೆ. ನಾವು ಹಾಕಿದ ರಿಸೆಪ್ಟರ್ ಅದರ ಮೇಲೆ ಸ್ವಲ್ಪ ಸೇರಿಸುತ್ತದೆ, ಅಷ್ಟೇ. ಆ ವ್ಯತ್ಯಾಸವನ್ನು ಲೆಕ್ಕ ಹಾಕಿ ಗ್ರಾಫ್ ಎಳೆಯಬಹುದು, ಆದರೆ ಹೊಸ ರಿಸೆಪ್ಟರ್ ಒಂದರ ಬಗ್ಗೆ ಆ ಗ್ರಾಫ್ ಏನನ್ನೂ ಸಾಬೀತು ಮಾಡುವುದಿಲ್ಲ. ಹೊಸದು ಹಳೆಯದರ ಕೆಲಸವನ್ನು ಜಾಸ್ತಿ ಮಾಡಿರಲೂಬಹುದು ಅಲ್ವಾ.

ಹೆಕ್ ಬಿಟ್ಟು ಬಿ103ಗೆ ಬಂದೆ. ಇಲಿಯ ನರಗಡ್ಡೆಯ (ನ್ಯೂರೋಬ್ಲಾಸ್ಟೋಮಾ) ಕೋಶ ಇದು. ಎಲ್‌ಪಿಎಗೆ ಸ್ಪಂದಿಸದ ಕೋಶ ಅಂತ ಈ ಕ್ಷೇತ್ರದಲ್ಲಿ ಹೆಸರಾಗಿದೆ. 1998ರಲ್ಲಿ ಎಲ್‌ಪಿಎ1 ಒಂದೇ ರಿಸೆಪ್ಟರ್ ಹಲವು ಜಿ-ಪ್ರೋಟೀನ್‌ಗಳನ್ನು (ರಿಸೆಪ್ಟರ್‌ನ ಸಂದೇಶವನ್ನು ಕೋಶದೊಳಗೆ ಒಯ್ಯುವವು) ನಡೆಸುತ್ತದೆ ಎಂದು ತೋರಿಸಿದ್ದೂ ಇದರಲ್ಲಿ ಮತ್ತು ಆರ್‌ಎಚ್7777 ಎಂಬ ಯಕೃತ್ತಿನ ಗಡ್ಡೆಯ ಕೋಶದಲ್ಲಿ. ಹೆಸರಿದೆ ಅಂತ ನಂಬಿ ಮುಂದೆ ಹೋಗಬೇಡಿ. ನಿಮ್ಮ ಕೈಯಲ್ಲಿರುವ ಬಾಟಲಿಯ ಕೋಶಗಳು ಸುಮ್ಮನಿವೆಯಾ ಅಂತ ನೀವೇ ನೋಡಿಕೊಳ್ಳಬೇಕು. ಆರೂ ಎಲ್‌ಪಿಎ ರಿಸೆಪ್ಟರ್‌ಗಳಿಗೆ ಕ್ಯೂಪಿಸಿಆರ್ (ಜೀನ್‌ನ ಆರ್‌ಎನ್‌ಎ ಎಷ್ಟಿದೆ ಅಂತ ಅಳೆಯುವುದು) ಮಾಡಿ ನೋಡಿ, ಆಮೇಲೆ ಕ್ಯಾಲ್ಸಿಯಂ ಪರೀಕ್ಷೆಯಲ್ಲೂ ನೋಡಿ. ನನ್ನ ಬಿ103 ಎಲ್‌ಪಿಎಗೆ 1 ಮೈಕ್ರೋಮೋಲಾರ್‌ವರೆಗೂ ಅಲ್ಲಾಡಲಿಲ್ಲ. 10ರಲ್ಲಿ ಮಾತ್ರ ಸಣ್ಣ ಏರಿಕೆ ಬಂತು. ನಿಧಾನಕ್ಕೆ ಏರಿ ಇಳಿಯದೇ ನಿಲ್ಲುವ ಗೆರೆ ಅದು. ರಿಸೆಪ್ಟರ್‌ನ ಏರಿಕೆ ಹಾಗಿರುವುದಿಲ್ಲ, ಸೆಕೆಂಡುಗಳಲ್ಲಿ ಚೂಪಾಗಿ ಏರಿ ಇಳಿಯುತ್ತದೆ. 10ರಲ್ಲಿ ಕಂಡಿದ್ದು ಲಿಪಿಡ್ ಪೊರೆಗೆ ಕೊಟ್ಟ ಪೆಟ್ಟು. ಅವತ್ತಿನಿಂದ ನನ್ನ ಡೋಸ್ ಗೆರೆ 1 ಮೈಕ್ರೋಮೋಲಾರ್‌ಗೆ ನಿಲ್ಲುತ್ತದೆ. ಅದಕ್ಕಿಂತ ಮೇಲೆ ಬರುವ ಸಿಗ್ನಲ್ ನನ್ನ ಲೆಕ್ಕಕ್ಕಿಲ್ಲ.

ಹಂತ 2: ಲಿಪಿಡ್ ಕರಗಿಸುವುದು

ಇದನ್ನು ಯಾರೂ ಒಂದು ಹಂತ ಅಂತಲೇ ಎಣಿಸುವುದಿಲ್ಲ. ನನ್ನ ಹೆಚ್ಚಿನ ಸಮಯ ಹೋಗಿದ್ದು ಇಲ್ಲೇ.

ಬಳಸಿದ್ದು 18:1 ಎಲ್‌ಪಿಎ, ಸೋಡಿಯಂ ಲವಣ, ಅಣುತೂಕ 458.5. 1 ಮಿ.ಗ್ರಾಂಗೆ 2.18 ಮಿ.ಲೀ. ಸೇರಿಸಿದರೆ 1 ಮಿಲಿಮೋಲಾರ್ ಸ್ಟಾಕ್ ಆಗುತ್ತದೆ. ಕ್ಲೋರೋಫಾರ್ಮ್ ಇರುವ ದ್ರಾವಣದಲ್ಲಿ ಬಂದಿದ್ದರೆ ಗಾಜಿನ ಟ್ಯೂಬ್‌ನಲ್ಲೇ ತೆಗೆದುಕೊಳ್ಳಿ, ಗಾಜಿನ ಸಿರಿಂಜ್‌ನಲ್ಲೇ ಅಳೆಯಿರಿ. ಪ್ಲಾಸ್ಟಿಕ್ ತಾಗಿದರೆ ಅದರಲ್ಲಿರುವುದೂ ಕರಗಿ ನಿಮ್ಮ ಸ್ಟಾಕ್‌ಗೆ ಸೇರುತ್ತದೆ. ನೈಟ್ರೋಜನ್ ಹರಿಸಿ ಒಣಗಿಸಿ, ಟ್ಯೂಬ್‌ನ ತಳದಲ್ಲಿ ತೆಳು ಪದರ ಉಳಿಯುತ್ತದೆ. ಅದಕ್ಕೆ ಕೊಬ್ಬಿನಾಮ್ಲ ತೆಗೆದ ಆಲ್ಬುಮಿನ್ 1% ಇರುವ ಪಿಬಿಎಸ್ (ಫಾಸ್ಫೇಟ್ ಉಪ್ಪುನೀರು) ಹಾಕಿ, ವೋರ್ಟೆಕ್ಸ್ ಮಾಡಿ, ನೀರಿನ ಸೋನಿಕೇಟರ್‌ನಲ್ಲಿ ಸ್ವಲ್ಪ ಹೊತ್ತು ಇಡಿ. ದ್ರಾವಣ ತಿಳಿಯಾಗಬೇಕು. ಬೆಳಕಿಗೆ ಹಿಡಿದಾಗ ಹಾಲಿನ ಛಾಯೆ ಇದ್ದರೆ ಇನ್ನೂ ಕರಗಿಲ್ಲ ಅಂತ ಅರ್ಥ. ಸಣ್ಣ ಸಣ್ಣ ಪಾಲು ಮಾಡಿ -80 °ಸೆ.ನಲ್ಲಿ ಇಟ್ಟೆ. ಒಮ್ಮೆ ಕರಗಿಸಿದ ಪಾಲನ್ನು ಮತ್ತೆ ಹೆಪ್ಪುಗಟ್ಟಿಸಲಿಲ್ಲ.

ದುರ್ಬಲ ಮಾಡುವಾಗ ತೊಂದರೆ ಶುರುವಾಯಿತು. ಆಲ್ಬುಮಿನ್ ಇಲ್ಲದ ಬಫರ್‌ನಲ್ಲಿ ಹತ್ತು ಪಟ್ಟು, ಹತ್ತು ಪಟ್ಟು ಅಂತ ಇಳಿಸಿಕೊಂಡು ಹೋದರೆ ಗ್ರಾಫ್‌ನ ಕೆಳಭಾಗ ಕಡಿದು ಹಾಕಿದ ಹಾಗೆ ಬರುತ್ತಿತ್ತು. 100 ನ್ಯಾನೋಮೋಲಾರ್‌ನಲ್ಲಿ ಒಳ್ಳೆಯ ಸಿಗ್ನಲ್, 10ರಲ್ಲಿ ಸೊನ್ನೆ. ಎಲ್‌ಪಿಎ ಟ್ಯೂಬ್‌ನ ಗೋಡೆಗೆ, ಪಿಪೆಟ್ ತುದಿಗೆ, ಪ್ಲೇಟ್‌ಗೆ ಅಂಟಿಕೊಳ್ಳುತ್ತದೆ. ಸಾಂದ್ರತೆ ಕಡಿಮೆ ಆದಷ್ಟೂ ಕಳೆದುಹೋಗುವ ಪಾಲು ಜಾಸ್ತಿ. ಹಾಗಾಗಿ ಎಲ್ಲ ಬಫರ್‌ಗೂ 0.1% ಆಲ್ಬುಮಿನ್ ಹಾಕಿದೆ, ಪ್ರತಿ ಮೆಟ್ಟಿಲಿಗೂ ಹೊಸ ಪಿಪೆಟ್ ತುದಿ ಬಳಸಿದೆ, ಪರೀಕ್ಷೆಯ ದಿನವೇ ದುರ್ಬಲ ಮಾಡಿದೆ. ಗ್ರಾಫ್ ಸರಿಹೋಯಿತು.

ಹಾಗಂತ ಆಲ್ಬುಮಿನ್ ಎಷ್ಟು ಬೇಕಾದರೂ ಹಾಕುವ ಹಾಗಿಲ್ಲ. ಅದು ಎಲ್‌ಪಿಎಯನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನ್. ಜಾಸ್ತಿ ಆದರೆ ರಿಸೆಪ್ಟರ್‌ಗೆ ಸಿಗುವ ಎಲ್‌ಪಿಎ ಕಡಿಮೆಯಾಗಿ ಇಡೀ ಗೆರೆ ಬಲಕ್ಕೆ ಸರಿಯುತ್ತದೆ. ಆಲ್ಬುಮಿನ್ ಪ್ರಮಾಣ ಬರೆಯದೆ ಎಲ್‌ಪಿಎಯ ಇಸಿ50 (ಗರಿಷ್ಠದ ಅರ್ಧ ಸಿಗ್ನಲ್ ಕೊಡುವ ಸಾಂದ್ರತೆ) ಸಂಖ್ಯೆ ಮಾತ್ರ ಕೊಡುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಆ ಸಂಖ್ಯೆಯನ್ನು ಬೇರೆಯವರು ಯಾವುದಕ್ಕೆ ಹೋಲಿಸಿ ನೋಡಬೇಕು?

ಹಂತ 3: ರಿಸೆಪ್ಟರ್ ಹೊರಮೈಗೆ ಬಂದಿದೆಯಾ

ಮನುಷ್ಯರ ಎಲ್‌ಪಿಎ1ರಲ್ಲಿ 364 ಅಮೈನೋ ಆಮ್ಲಗಳಿವೆ. ಪೊರೆಯನ್ನು ಏಳು ಸಲ ದಾಟುತ್ತದೆ, ಮುಂದಿನ ತುದಿ ಕೋಶದ ಹೊರಗಿರುತ್ತದೆ. ಆ ತುದಿಗೆ ಹೊರಮೈಗೆ ಕಳಿಸುವ ಒಂದು ಸಿಗ್ನಲ್ ಪೆಪ್ಟೈಡ್, ಅದರ ಹಿಂದೆ ಆಂಟಿಬಾಡಿಯಿಂದ ಗುರುತಿಸಬಲ್ಲ ಫ್ಲ್ಯಾಗ್ ಟ್ಯಾಗ್ ಸೇರಿಸಿ ಪಿಸಿಡಿಎನ್‌ಎ3.1 ಪ್ಲಾಸ್ಮಿಡ್‌ಗೆ ಹಾಕಿದೆ. ಬಿ103ಗೆ ಸೇರಿಸಿ ಜಿ418 (ಪ್ಲಾಸ್ಮಿಡ್ ಸೇರದ ಕೋಶಗಳನ್ನು ಕೊಲ್ಲುವ ಔಷಧ) ಕೊಟ್ಟು ಉಳಿದ ಕೋಶಗಳನ್ನು ಒಂದೊಂದಾಗಿ ಬೇರ್ಪಡಿಸಿ ಕ್ಲೋನ್‌ಗಳಾಗಿ ಬೆಳೆಸಿದೆ. ಜೊತೆಗೆ ಎರಡು ಕಂಟ್ರೋಲ್: ಖಾಲಿ ಪ್ಲಾಸ್ಮಿಡ್‌ನ ಕೋಶ, ಮತ್ತು ಸಂಬಂಧವೇ ಇಲ್ಲದ ಎಂ1 ಮಸ್ಕರಿನಿಕ್ ರಿಸೆಪ್ಟರ್ ಹಾಕಿದ ಕೋಶ. ಎರಡನೆಯದು ಬಹಳ ಮುಖ್ಯ. ಅದು ತನ್ನ ಲಿಗಂಡ್ ಕಾರ್ಬಕಾಲ್‌ಗೆ ಕ್ಯಾಲ್ಸಿಯಂ ಏರಿಸಬೇಕು, ಎಲ್‌ಪಿಎಗೆ ಸುಮ್ಮನಿರಬೇಕು. ಆಗ ಮಾತ್ರ ಯಾವುದೋ ಒಂದು ರಿಸೆಪ್ಟರ್ ತುಂಬಿದ್ದಕ್ಕೇ ಕೋಶ ಚುರುಕಾಗಿಲ್ಲ ಅಂತ ಹೇಳಬಹುದು.

ಹೊರಮೈಯಲ್ಲಿ ಎಷ್ಟಿದೆ ಅಂತ ನೋಡಲು ಒಂದೊಂದೇ ಕೋಶದ ಹೊಳಪು ಅಳೆಯುವ ಫ್ಲೋ ಸೈಟೋಮೀಟರ್ ಬಳಸಿದೆ. ಕೋಶಗಳನ್ನು ಎಬ್ಬಿಸಲು ಟ್ರಿಪ್ಸಿನ್ ಎಂಬ ಪ್ರೋಟೀನ್ ಕತ್ತರಿಸುವ ಕಿಣ್ವ ಹಾಕಬೇಡಿ. ಫ್ಲ್ಯಾಗ್ ಟ್ಯಾಗ್‌ನಲ್ಲೇ ಲೈಸೀನ್‌ಗಳಿವೆ, ಟ್ರಿಪ್ಸಿನ್ ಕತ್ತರಿಸುವುದೂ ಅಲ್ಲೇ. ರಿಸೆಪ್ಟರ್ ಹೊರಮೈಯಲ್ಲಿದ್ದರೂ ಟ್ಯಾಗ್ ಹೋಗಿರುತ್ತದೆ, ಏನೂ ಕಾಣುವುದಿಲ್ಲ. 2 ಮಿಲಿಮೋಲಾರ್ ಇಡಿಟಿಎ ಇರುವ ಪಿಬಿಎಸ್ ಸಾಕು, ಸ್ವಲ್ಪ ತಾಳ್ಮೆ ಬೇಕು. ಮುಂದಿನದೆಲ್ಲ ಮಂಜುಗಡ್ಡೆಯ ಮೇಲೆ, ಸೋಡಿಯಂ ಅಜೈಡ್ ಇರುವ ಬಫರ್‌ನಲ್ಲಿ, ಇಲ್ಲದಿದ್ದರೆ ಆಂಟಿಬಾಡಿ ಅಂಟಿದ ರಿಸೆಪ್ಟರ್ ಒಳಗೆ ಹೋಗಿಬಿಡುತ್ತದೆ. ಅರ್ಧ ಕೋಶಗಳನ್ನು ಹಾಗೇ ಬಣ್ಣ ಹಾಕಿ ನೋಡಿದೆ, ಉಳಿದರ್ಧಕ್ಕೆ 0.1% ಸ್ಯಾಪೋನಿನ್ ಹಾಕಿ ಪೊರೆ ತೂತು ಮಾಡಿ ಒಳಗಿನದನ್ನೂ ಸೇರಿಸಿ ನೋಡಿದೆ. ಸತ್ತ ಕೋಶಗಳು ಹೊರಮೈ ಲೆಕ್ಕವನ್ನು ಪೂರ್ತಿ ಕೆಡಿಸುತ್ತವೆ, ಅದಕ್ಕೆ ತೂತು ಮಾಡದ ಟ್ಯೂಬ್‌ಗೆ ಪ್ರೊಪಿಡಿಯಂ ಅಯೋಡೈಡ್ ಹಾಕಿ ಅವನ್ನು ಬೇರೆ ಮಾಡಿದೆ.

ಮೊದಲ ಸಲ ನೋಡಿದಾಗ ಒಳಗೆ ಬೇಕಾದಷ್ಟು ಟ್ಯಾಗ್, ಹೊರಗೆ ಅಲ್ಪಸ್ವಲ್ಪ. ರಿಸೆಪ್ಟರ್ ಸರಿಯಾಗಿ ಮಡಚಿಕೊಂಡಿಲ್ಲವೇನೋ ಅಂತ ಪ್ಲಾಸ್ಮಿಡ್ ಮತ್ತೆ ಸೀಕ್ವೆನ್ಸ್ ಮಾಡಿಸಿದೆ, ಅದು ಸರಿಯಾಗಿಯೇ ಇತ್ತು. ಕಾರಣ ಸೀರಮ್. ರಕ್ತ ಹೆಪ್ಪುಗಟ್ಟುವಾಗ ಎಲ್‌ಪಿಎ ಉತ್ಪತ್ತಿಯಾಗುತ್ತದೆ, ಹಾಗಾಗಿ ಸೀರಮ್‌ನಲ್ಲಿ ಮೈಕ್ರೋಮೋಲಾರ್ ಮಟ್ಟದಲ್ಲಿ ಎಲ್‌ಪಿಎ ಇದ್ದೇ ಇರುತ್ತದೆ. 10% ಸೀರಮ್‌ನಲ್ಲಿ ಬೆಳೆದ ಕೋಶದ ರಿಸೆಪ್ಟರ್ ಹಗಲೂ ರಾತ್ರಿ ಎಲ್‌ಪಿಎ ನೋಡುತ್ತಾ ಇರುತ್ತದೆ, ದಣಿದು ಒಳಗೆ ಸರಿಯುತ್ತದೆ. ರಾತ್ರಿಯಿಡೀ ಸೀರಮ್ ಇಲ್ಲದೆ 0.1% ಆಲ್ಬುಮಿನ್ ಮಾತ್ರ ಕೊಟ್ಟು ಮರುದಿನ ನೋಡಿದರೆ ಅದೇ ಕೋಶ, ಅದೇ ಆಂಟಿಬಾಡಿ, ಹಿಸ್ಟೋಗ್ರಾಮ್‌ನ ಗುಡ್ಡ ಪೂರ್ತಿ ಬಲಕ್ಕೆ ಸರಿದಿತ್ತು. ತೆರೆಯ ಮೇಲೆ ಎರಡೂ ಗುಡ್ಡಗಳನ್ನು ಒಂದರ ಮೇಲೊಂದು ಇಟ್ಟು ನೋಡಿದಾಗ ಆದ ಖುಷಿ ದೊಡ್ಡದು. ಇದೂ ಒಂದು ಪುರಾವೆಯೇ: ಸೀರಮ್‌ನಲ್ಲಿರುವ ಏನೋ ಒಂದು ಈ ರಿಸೆಪ್ಟರ್ ಅನ್ನು ಒಳಗೆ ಕಳಿಸುತ್ತಿದೆ. ಆಮೇಲೆ ಸೀರಮ್ ತೆಗೆದ ಕೋಶಗಳಿಗೆ ಬರೀ ಎಲ್‌ಪಿಎ ಕೊಟ್ಟು ಅದೇ ಇಳಿಕೆ ಬರುತ್ತದೆ ಅಂತಲೂ ನೋಡಿಕೊಂಡೆ.

ಹಸಿವಿಗೆ ತಡೆಯದ ಕೋಶಗಳಿಗೆ ಇದ್ದಿಲಿನಿಂದ ಸೋಸಿದ ಸೀರಮ್ ಕೊಡಬಹುದು. ಇದ್ದಿಲು ಲಿಪಿಡ್ ಹೀರಿಕೊಳ್ಳುತ್ತದೆ. ಆದರೆ ಆಟೋಟ್ಯಾಕ್ಸಿನ್ ಎಂಬ ಕಿಣ್ವ ಪ್ರೋಟೀನ್ ಆದ್ದರಿಂದ ಉಳಿದುಕೊಳ್ಳುತ್ತದೆ, ಅದು ಲೈಸೋಫಾಸ್ಫಾಟಿಡಿಲ್‌ಕೋಲಿನ್‌ನಿಂದ ಹೊಸ ಎಲ್‌ಪಿಎ ಮಾಡುತ್ತದೆ. 2002ರಲ್ಲಿ ಗೊತ್ತಾದ ಸಂಗತಿ ಇದು. ಅದಕ್ಕೇ ನಾನು ಪರೀಕ್ಷೆಗೆ ಮುಂಚಿನ ರಾತ್ರಿ ಸೀರಮ್ ಅನ್ನು ಪೂರ್ತಿ ಬಿಟ್ಟೆ.

ಹಂತ 4: ಕ್ಯಾಲ್ಸಿಯಂ

ಕಪ್ಪು ಗೋಡೆಯ 96 ವೆಲ್ ಪ್ಲೇಟ್, ಪಾಲಿ-ಡಿ-ಲೈಸೀನ್ ಲೇಪ. ಕ್ಯಾಲ್ಸಿಯಂ ಕಂಡರೆ ಹೊಳೆಯುವ ಬಣ್ಣ ಫ್ಲೂಓ-4 ಎಎಂ 2 ಮೈಕ್ರೋಮೋಲಾರ್, ಅದನ್ನು ಕರಗಿಸಲು ಪ್ಲೂರೋನಿಕ್ 0.02%, ಕೋಶದೊಳಗೇ ಉಳಿಸಲು ಪ್ರೊಬೆನೆಸಿಡ್ 2.5 ಮಿಲಿಮೋಲಾರ್. 37 °ಸೆ.ನಲ್ಲಿ 45 ನಿಮಿಷ, ತೊಳೆದು ಮತ್ತೆ 15 ನಿಮಿಷ ಬಿಟ್ಟು ಓದಿಸುವುದು. ಮೊದಲ 20 ಸೆಕೆಂಡು ತಳಗೆರೆ, ಆಮೇಲೆ ಎಲ್‌ಪಿಎ, 2 ನಿಮಿಷ ಓದು, ಕೊನೆಗೆ ಕ್ಯಾಲ್ಸಿಯಂ ಅನ್ನು ಗರಿಷ್ಠಕ್ಕೆ ಏರಿಸುವ ಅಯೋನೋಮೈಸಿನ್. ಪ್ರತಿ ವೆಲ್‌ನ ಎತ್ತರವನ್ನು ಅದೇ ವೆಲ್‌ನ ಅಯೋನೋಮೈಸಿನ್ ಎತ್ತರದಿಂದ ಭಾಗಿಸಿದೆ, ಯಾಕೆಂದರೆ ಕೋಶಗಳ ಸಂಖ್ಯೆ ವೆಲ್‌ನಿಂದ ವೆಲ್‌ಗೆ ಬದಲಾಗುತ್ತದೆ.

ಇಲ್ಲಿ ಮೊದಲು ಎದುರಾಗಿದ್ದು ದ್ರಾವಣ ಸುರಿದ ರಭಸಕ್ಕೇ ಏರುವ ಕ್ಯಾಲ್ಸಿಯಂ. ಬರೀ ಆಲ್ಬುಮಿನ್ ಬಫರ್ ಹಾಕಿದ ವೆಲ್‌ನಲ್ಲೂ ಚಿಕ್ಕ ಮೊನೆ. ಸುರಿಯುವ ವೇಗ ಅತಿ ಕಡಿಮೆ ಮಾಡಿ, ತುದಿಯನ್ನು ದ್ರವದ ಮೇಲ್ಮೈಗೆ ಹತ್ತಿರ ಇಟ್ಟೆ. ಬಹುಪಾಲು ಹೋಯಿತು, ಪೂರ್ತಿ ಹೋಗಲಿಲ್ಲ. ಉಳಿದಿದ್ದನ್ನು ಆಲ್ಬುಮಿನ್ ಬ್ರಾಂಡ್ ಬದಲಿಸಿ ನೋಡಿದೆ, ಒಂದರಲ್ಲಿ ಮೊನೆ ಇತ್ತು, ಇನ್ನೊಂದರಲ್ಲಿ ಇಲ್ಲ. ಕೊಬ್ಬಿನಾಮ್ಲ ತೆಗೆದಿದೆ ಅಂತ ಬಾಟಲಿ ಮೇಲೆ ಬರೆದಿದ್ದರೂ ಬೇರೆ ಲಿಪಿಡ್‌ಗಳು ಅಂಟಿಕೊಂಡು ಉಳಿದಿರಬಹುದು. ಹೊಸ ಬಾಟಲಿ ತೆರೆದಾಗಲೆಲ್ಲ ಮೊದಲು ಅದನ್ನೊಂದನ್ನೇ ರಿಸೆಪ್ಟರ್ ಕೋಶಕ್ಕೆ ಹಾಕಿ ನೋಡಿ.

ಇಷ್ಟಾದ ಮೇಲೆ ಗ್ರಾಫ್ ಚೆಂದ ಬಂತು. ಎಲ್‌ಪಿಎ1 ಕೋಶಗಳಲ್ಲಿ ನ್ಯಾನೋಮೋಲಾರ್ ಮಟ್ಟದಲ್ಲೇ ಏರಿಕೆ ಶುರು, ಕಂಟ್ರೋಲ್ ಎರಡೂ ಚಪ್ಪಟೆ. ಒಂದೇ ರಿಸೆಪ್ಟರ್‌ನ ಹಲವು ಕ್ಲೋನ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಹೊರಮೈಯಲ್ಲಿ ರಿಸೆಪ್ಟರ್ ಜಾಸ್ತಿ ಇರುವ ಕ್ಲೋನ್‌ನಲ್ಲಿ ಗೆರೆ ಎಡಕ್ಕಿತ್ತು. ಅಂದರೆ ಇಸಿ50 ಅನ್ನುವುದು ಎಲ್‌ಪಿಎ ಎಷ್ಟು ಗಟ್ಟಿಯಾಗಿ ಅಂಟುತ್ತದೆ ಎಂಬುದರ ಅಳತೆ ಮಾತ್ರ ಅಲ್ಲ, ಕೋಶದಲ್ಲಿ ರಿಸೆಪ್ಟರ್ ಎಷ್ಟಿದೆ ಎಂಬುದೂ ಅದರಲ್ಲಿ ಸೇರಿರುತ್ತದೆ. ಮುಂದಿನ ಕೆಲಸಕ್ಕೆ ನಡುವಿನ ಕ್ಲೋನ್ ಇಟ್ಟುಕೊಂಡೆ.

ಹಂತ 5: ಲಿಗಂಡ್ ಯಾವುದು, ಯಾವುದಲ್ಲ

ಎಲ್‌ಪಿಎಗೆ ಹೌದು ಅಂದರೆ ಸಾಲದು, ಅದರ ನೆಂಟರಿಗೆ ಇಲ್ಲ ಅನ್ನಬೇಕು. ಎಸ್1ಪಿ (ಸ್ಫಿಂಗೊಸಿನ್-1-ಫಾಸ್ಫೇಟ್), ಲೈಸೋಫಾಸ್ಫಾಟಿಡಿಲ್‌ಕೋಲಿನ್, ಫಾಸ್ಫಾಟಿಡಿಕ್ ಆಮ್ಲ, ಒಲೆಯಿಕ್ ಆಮ್ಲ, ಎಲ್ಲವನ್ನೂ ಅದೇ ಆಲ್ಬುಮಿನ್‌ನಲ್ಲಿ ಅದೇ ಸಾಂದ್ರತೆಯಲ್ಲಿ ಕೊಟ್ಟೆ. ಫಾಸ್ಫಾಟಿಡಿಕ್ ಆಮ್ಲ ಅತ್ಯಂತ ಮೇಲಿನ ಡೋಸ್‌ನಲ್ಲಿ ಸಣ್ಣ ಸಿಗ್ನಲ್ ಕೊಟ್ಟಿತು. ಲಿಪಿಡ್‌ಗಳನ್ನು ಬೇರ್ಪಡಿಸಿ ತೋರಿಸುವ ಟಿಎಲ್‌ಸಿ ಓಡಿಸಿ ನೋಡಿದರೆ ಹಳೆಯ ಸ್ಟಾಕ್‌ನಲ್ಲಿ ಒಂದು ಬಾಲ ಉದುರಿ ಎಲ್‌ಪಿಎ ಆಗಿದ್ದ ಕಲೆ ತೆಳುವಾಗಿ ಕಾಣುತ್ತಿತ್ತು. ಹೊಸ ಸ್ಟಾಕ್‌ನಲ್ಲಿ ಆ ಸಿಗ್ನಲ್ ಇರಲಿಲ್ಲ. ನ್ಯಾನೋಮೋಲಾರ್‌ನಲ್ಲಿ ಕೆಲಸ ಮಾಡುವ ಲಿಗಂಡ್ ಆದರೆ 1% ಕಲ್ಮಶವೂ ಸುಳ್ಳು ಉತ್ತರ ಕೊಡಲು ಸಾಕು.

ಆಮೇಲೆ ಕೆಐ16425 ಎಂಬ ತಡೆ ಅಣು. ಎಲ್‌ಪಿಎ1 ಮತ್ತು 3ನ್ನು ತಡೆಯುತ್ತದೆ, 2ರ ಮೇಲೆ ದುರ್ಬಲ. 10 ನಿಮಿಷ ಮೊದಲೇ ಕೊಟ್ಟೆ, ಎಲ್‌ಪಿಎ ಗೆರೆ ಬಲಕ್ಕೆ ಸರಿಯಿತು. ಆದರೆ ಗರಿಷ್ಠ ಎತ್ತರವೂ ಸ್ವಲ್ಪ ತಗ್ಗಿತು. ಇದರಿಂದ ಕೆಐ ಸ್ಪರ್ಧಿ ಅಲ್ಲ ಅಂತ ಹೇಳುವ ಹಾಗಿಲ್ಲ, ಕ್ಯಾಲ್ಸಿಯಂ ಸೆಕೆಂಡುಗಳಲ್ಲಿ ಮುಗಿಯುವ ಕಾರಣ ಇಬ್ಬರೂ ಜಾಗಕ್ಕಾಗಿ ಪೈಪೋಟಿ ಮಾಡಿ ಸಮತೋಲನಕ್ಕೆ ಬರಲು ಸಮಯವೇ ಸಿಗುವುದಿಲ್ಲ. ಶಿಲ್ಡ್ ವಿಶ್ಲೇಷಣೆಯನ್ನು (ತಡೆಯ ಸಾಂದ್ರತೆ ಏರಿಸಿದಂತೆ ಗೆರೆ ಎಷ್ಟು ಸರಿಯುತ್ತದೆ ಅಂತ ನೋಡಿ ಅದು ಸ್ಪರ್ಧಿಯೇ ಅಂತ ತೀರ್ಮಾನಿಸುವುದು) ಮುಂದಿನ ಹಂತಕ್ಕೆ ಇಟ್ಟೆ.

ಹಂತ 6: ಬೈಂಡಿಂಗ್ ಕೈಕೊಟ್ಟಿದ್ದು, ಬಳಸುದಾರಿ ಸಿಕ್ಕಿದ್ದು

ಟ್ರಿಟಿಯಂ ಹಾಕಿದ ಎಲ್‌ಪಿಎ ನೇರವಾಗಿ ಅಂಟುವುದನ್ನು ಅಳೆಯಬೇಕು ಅಂತ ಆಸೆ ಇತ್ತು. ಇಡೀ ಕೆಲಸದಲ್ಲಿ ಹಣ ಜಾಸ್ತಿ ಹೋಗಿದ್ದು ಇದಕ್ಕೇ, ಸಿಕ್ಕಿದ್ದು ಕಡಿಮೆ. ಬಿಸಿ (ವಿಕಿರಣ ಇರುವ) ಎಲ್‌ಪಿಎ ಪೊರೆಗೆ ಕರಗುತ್ತದೆ, ಫಿಲ್ಟರ್‌ಗೆ ಅಂಟುತ್ತದೆ, ಟ್ಯೂಬ್‌ಗೂ ಅಂಟುತ್ತದೆ. ತಣ್ಣನೆಯ (ವಿಕಿರಣ ಇಲ್ಲದ) ಎಲ್‌ಪಿಎ ಸಾವಿರ ಪಟ್ಟು ಹಾಕಿದ ಮೇಲೂ ಎಣಿಕೆ ಅರ್ಧಕ್ಕಿಂತ ಕೆಳಗೆ ಇಳಿಯಲಿಲ್ಲ. ಫಿಲ್ಟರ್ ಅನ್ನು ಆಲ್ಬುಮಿನ್‌ನಲ್ಲಿ ನೆನೆಸಿದೆ, ತೊಳೆಯುವ ಬಫರ್‌ಗೂ ಆಲ್ಬುಮಿನ್ ಹಾಕಿದೆ, ಸ್ವಲ್ಪ ಸುಧಾರಿಸಿತು, ಪ್ರಕಟಿಸುವಷ್ಟಲ್ಲ. ಅದನ್ನು ಅಲ್ಲಿಗೇ ಬಿಟ್ಟೆ.

ಬದಲಿಗೆ ವಿಕಿರಣ ಇರುವ ಗಂಧಕ-35 ಹಾಕಿದ ಜಿಟಿಪಿ-ಗಾಮಾ-ಎಸ್, ಜಿಟಿಪಿಯ ಸುಲಭಕ್ಕೆ ಒಡೆಯದ ನಕಲು. ರಿಸೆಪ್ಟರ್ ಎಚ್ಚರವಾದರೆ ಪಕ್ಕದ ಜಿ-ಪ್ರೋಟೀನ್ ಜಿಡಿಪಿ ಬಿಟ್ಟು ಇದನ್ನು ಹಿಡಿಯುತ್ತದೆ, ಬಿಡುವುದಿಲ್ಲ. ಇಲ್ಲಿ ವಿಕಿರಣ ಇರುವುದು ನೀರಿನಲ್ಲಿ ಸಲೀಸಾಗಿ ಕರಗುವ ಅಣುವಿನಲ್ಲಿ, ಲಿಪಿಡ್‌ನಲ್ಲಿ ಅಲ್ಲ. ಎಲ್‌ಪಿಎ ಎಲ್ಲಿ ಬೇಕಾದರೂ ಅಂಟಿಕೊಳ್ಳಲಿ, ಎಣಿಕೆ ಕೆಡುವುದಿಲ್ಲ. ಬಫರ್: ಹೆಪಿಸ್ 20, ಸೋಡಿಯಂ ಕ್ಲೋರೈಡ್ 100, ಮೆಗ್ನೀಸಿಯಂ ಕ್ಲೋರೈಡ್ 5 ಮಿಲಿಮೋಲಾರ್, ಪಿಎಚ್ 7.4, ಜಿಡಿಪಿ 10 ಮೈಕ್ರೋಮೋಲಾರ್, ಬಿಸಿ ಅಣು 0.1 ನ್ಯಾನೋಮೋಲಾರ್, 30 °ಸೆ.ನಲ್ಲಿ 30 ನಿಮಿಷ, ಗಾಜಿನ ನಾರಿನ ಫಿಲ್ಟರ್. ಜಿಡಿಪಿ ಕಡಿಮೆಯಾದರೆ ತಳಗೆರೆ ಎತ್ತರವಾಗಿ ಸಿಗ್ನಲ್ ಮುಳುಗುತ್ತದೆ, ಅದನ್ನು 1ರಿಂದ 30ರವರೆಗೆ ಬದಲಿಸಿ ನೋಡಿಯೇ 10ಕ್ಕೆ ನಿಂತೆ. ಗಂಧಕ-35ರ ಅರ್ಧಾಯುಷ್ಯ 87 ದಿನ, ಅವಸರ ಇಲ್ಲ. ಕೆಐ16425ರ ಮೂರು ಸಾಂದ್ರತೆಗಳಲ್ಲಿ ಗೆರೆಗಳು ಸಮಾನಾಂತರವಾಗಿ ಬಲಕ್ಕೆ ಸರಿದವು, ಗರಿಷ್ಠ ತಗ್ಗಲಿಲ್ಲ, ಸ್ಪರ್ಧಿಯ ಗುರುತು ಇದು.

ಹಂತ 7: ಯಾವ ಜಿ-ಪ್ರೋಟೀನ್

ಪರ್ಟುಸಿಸ್ ಟಾಕ್ಸಿನ್, 100 ನ್ಯಾನೋಗ್ರಾಂ ಪ್ರತಿ ಮಿ.ಲೀ.ಗೆ, ರಾತ್ರಿಯಿಡೀ. ಇದು ಜಿ-ಪ್ರೋಟೀನ್‌ಗಳಲ್ಲಿ ಜಿಐ ಬಳಗವನ್ನು ಮಾತ್ರ ಕೆಲಸದಿಂದ ತೆಗೆಯುತ್ತದೆ. ಫೋರ್ಸ್ಕೋಲಿನ್‌ನಿಂದ ಏರಿದ ಸಿಎಎಂಪಿಯನ್ನು (ಕೋಶದೊಳಗಿನ ಸಂದೇಶವಾಹಕ ಅಣು) ಎಲ್‌ಪಿಎ ಇಳಿಸುತ್ತಿತ್ತು, ಟಾಕ್ಸಿನ್ ಕೊಟ್ಟ ಮೇಲೆ ಇಳಿಸಲಿಲ್ಲ. ಕ್ಯಾಲ್ಸಿಯಂ ಭಾಗಶಃ ಹೋಯಿತು. ಕೋಶದೊಳಗೆ ಆಕ್ಟಿನ್ ಎಳೆಗಳು ಕಟ್ಟಿಕೊಳ್ಳುವುದು ಹಾಗೇ ಉಳಿಯಿತು, ಅದು ನಿಂತಿದ್ದು ವೈ-27632 ಎಂಬ ರೋ-ಕೈನೇಸ್ ತಡೆ ಕೊಟ್ಟಾಗ. ಒಂದೇ ರಿಸೆಪ್ಟರ್, ಮೂರು ದಾರಿ. ಎಲ್‌ಪಿಎ1ರ ಬಗ್ಗೆ ಮೊದಲೇ ಗೊತ್ತಿರುವ ಚಿತ್ರಕ್ಕೆ ಇದು ಹೊಂದುತ್ತದೆ. ನನಗೆ ಬೇಕಾಗಿದ್ದು ಅದೇ.

ಹಂತ 8: ಒಂದು ಅಮೈನೋ ಆಮ್ಲ

ನನಗೆ ಅತ್ಯಂತ ಇಷ್ಟವಾದ ಹಂತ. ಪೊರೆ ದಾಟುವ ಮೂರನೇ ಸುರುಳಿಯಲ್ಲಿ 124ನೇ ಜಾಗದ ಆರ್ಜಿನೀನ್ ಎಲ್‌ಪಿಎಯ ಫಾಸ್ಫೇಟ್ ಅನ್ನು ಹಿಡಿಯುತ್ತದೆ. ಅದನ್ನು ಅಲನೀನ್ ಮಾಡಿದೆ. ಫ್ಲೋನಲ್ಲಿ ಹೊರಮೈ ಮಟ್ಟ ಮೂಲದಷ್ಟೇ ಇರುವ ಕ್ಲೋನ್ ಆರಿಸಿದೆ, ಇದು ಬಿಟ್ಟರೆ ಪರೀಕ್ಷೆಗೆ ಅರ್ಥವಿಲ್ಲ. ಎಲ್‌ಪಿಎ ಕೊಟ್ಟರೆ ಚಪ್ಪಟೆ ಗೆರೆ. ರಿಸೆಪ್ಟರ್ ಹೊರಗೆ ನಿಂತಿದೆ, ಲಿಪಿಡ್ ಸುತ್ತಲೂ ಇದೆ, ಪೊರೆಯೂ ಅದೇ, ಆದರೂ ಏನೂ ಆಗುವುದಿಲ್ಲ. ಸೋಪಿನ ಗುಣದಿಂದ ಸಿಗ್ನಲ್ ಬರುತ್ತಿದೆ ಎಂಬ ಅನುಮಾನಕ್ಕೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ.

ಪಕ್ಕದ 125ನೇ ಜಾಗದಲ್ಲಿ ಗ್ಲುಟಮೀನ್ ಇದೆ. ಎಸ್1ಪಿಯ ರಿಸೆಪ್ಟರ್ ಆದ ಎಸ್1ಪಿ1ರಲ್ಲಿ ಅದೇ ಜಾಗದಲ್ಲಿ ಗ್ಲುಟಮಿಕ್ ಆಮ್ಲ ಇರುತ್ತದೆ. ಎಲ್‌ಪಿಎ1ರ ಗ್ಲುಟಮೀನ್ ಅನ್ನು ಗ್ಲುಟಮಿಕ್ ಆಮ್ಲ ಮಾಡಿದರೆ ಅದು ಎಸ್1ಪಿಯನ್ನೂ ಗುರುತಿಸುತ್ತದೆ ಅಂತ 2001ರಲ್ಲೇ ಪ್ರಕಟವಾಗಿದೆ. ಆ ಪ್ಲಾಸ್ಮಿಡ್ ಸಿದ್ಧವಾಗಿದೆ, ಕ್ಲೋನ್‌ಗಳು ಇನ್ನೂ ಬೆಳೆಯುತ್ತಿವೆ.

ಹಂತ 9: ನೈಸರ್ಗಿಕ ಕೋಶದಲ್ಲಿ

ಹೊರಗಿನಿಂದ ತುಂಬಿದ ರಿಸೆಪ್ಟರ್ ಮಾತ್ರ ನೋಡಿ ಬಿಡುವ ಹಾಗಿಲ್ಲ. ಎಲ್‌ಪಿಎ1 ತಾನಾಗಿಯೇ ಇರುವ ಫೈಬ್ರೋಬ್ಲಾಸ್ಟ್‌ಗಳಲ್ಲಿ ಬೇರೆ ಬೇರೆ ಜಾಗಕ್ಕೆ ಅಂಟುವ ಎರಡು ಎಸ್ಐಆರ್‌ಎನ್‌ಎ (ಆ ಜೀನ್‌ನ ಆರ್‌ಎನ್‌ಎಯನ್ನು ನಾಶ ಮಾಡುವ ತುಣುಕು) ಹಾಕಿದೆ. ಎರಡರಲ್ಲೂ ಎಲ್‌ಪಿಎ ಸಿಗ್ನಲ್ ಕುಸಿಯಿತು, ಪೂರ್ತಿ ಹೋಗಲಿಲ್ಲ. ಉಳಿದ ಎಲ್‌ಪಿಎ ರಿಸೆಪ್ಟರ್‌ಗಳ ಪಾಲು ಇರಬಹುದು, ಒಂದೊಂದಾಗಿ ನೋಡಬೇಕಿದೆ. ರಿಸೆಪ್ಟರ್ ಎಷ್ಟು ಕಡಿಮೆಯಾಯಿತು ಅಂತ ತೋರಿಸಲು ಕೊಂಡ ಆಂಟಿಬಾಡಿ ಮಾತ್ರ ಉಪಯೋಗಕ್ಕೆ ಬರಲಿಲ್ಲ. ಎಲ್‌ಪಿಎ1 ಇಲ್ಲದ ಬಿ103 ಕೋಶದಲ್ಲೂ ಬ್ಲಾಟ್‌ನಲ್ಲಿ (ಆಂಟಿಬಾಡಿಯಿಂದ ಪ್ರೋಟೀನ್ ಗುರುತಿಸುವ ಪರೀಕ್ಷೆ) ಅದೇ ಜಾಗದಲ್ಲಿ ಪಟ್ಟಿ ಬಂತು. ಸದ್ಯಕ್ಕೆ ಕ್ಯೂಪಿಸಿಆರ್ ಮೇಲೆ ನಿಂತಿದ್ದೇನೆ. ಇಂಥ ರಿಸೆಪ್ಟರ್‌ಗಳ ಆಂಟಿಬಾಡಿ ಕೊಳ್ಳುವವರು ರಿಸೆಪ್ಟರ್ ಇಲ್ಲದ ಕೋಶದ ಲೈಸೇಟ್ (ಒಡೆದ ಕೋಶಗಳ ರಸ) ಅನ್ನು ಮೊದಲ ಬ್ಲಾಟ್‌ನಲ್ಲೇ ಓಡಿಸಿ.

ಈಗ ಎಲ್ಲಿದ್ದೇನೆ ಅಂದರೆ, ಸುಮ್ಮನಿರುವ ಬಿ103, ಖಾಲಿ ಪ್ಲಾಸ್ಮಿಡ್‌ನದು, ಎಂ1, ಎಲ್‌ಪಿಎ1 ಮತ್ತು 124ನೇ ಜಾಗ ಬದಲಿಸಿದ್ದು, ಈ ಐದೂ ದ್ರವ ನೈಟ್ರೋಜನ್‌ನಲ್ಲಿವೆ. ಲಿಗಂಡ್ ಗೊತ್ತಿಲ್ಲದ ಮೊದಲ ರಿಸೆಪ್ಟರ್ ಮುಂದಿನ ವಾರ ಹೋಗುತ್ತದೆ. ಅದು ಜಿಐ ಮಾತ್ರ ಬಳಸುವಂಥದ್ದಾದರೆ ಕ್ಯಾಲ್ಸಿಯಂನಲ್ಲಿ ಕಾಣದೇ ಹೋಗಬಹುದು, ಎಸ್1ಪಿ1 ಹಾಗೇ ಇದೆ. ಅದಕ್ಕಾಗಿ ಜಿಐ ಸಿಗ್ನಲ್ ಅನ್ನು ಕ್ಯಾಲ್ಸಿಯಂ ಕಡೆ ತಿರುಗಿಸುವ ಜಿಕ್ಯೂಐ5 ಎಂಬ ಮಿಶ್ರ ಜಿ-ಪ್ರೋಟೀನ್ ಅನ್ನು ಈ ಕೋಶಗಳಿಗೆ ಈಗಲೇ ಹಾಕುತ್ತಿದ್ದೇನೆ, ಅದರ ಮೊದಲ ಪರೀಕ್ಷೆಗೆ ಎಸ್1ಪಿ1ನ್ನೇ ಬಳಸುತ್ತೇನೆ.